ಒಂದು ಕಿವಿ ನಿಂತಿದೆ, ಒಂದು ಬಿದ್ದಿದೆ

ಜೂನ್ 4

ಅಕ್ಕನಿಗೆ,

ಈ ಪತ್ರವನ್ನು ಒಬ್ಬ ಅಪರಾಧಿಯ ತಪ್ಪೊಪ್ಪಿಗೆ ಎಂದು ತಿಳಿದು ಗಂಭೀರವಾಗಿ ಓದಬೇಕು. ನಿನ್ನೆ ಮಧ್ಯಾಹ್ನ, ಸಸ್ಯಶಾಸ್ತ್ರದ ಹಿರಿಯ ಅಧ್ಯಾಪಕನೂ ಕಾಲೇಜಿನ ಶಿಸ್ತು ಸಮಿತಿಯ ಸದಸ್ಯನೂ ಆದ ನಾನು, 'ಹೊರಗೆ ಒಯ್ಯಕೂಡದು' ಎಂದು ಕೆಂಪಕ್ಷರದಲ್ಲಿ ಮುದ್ರೆ ಒತ್ತಿದ್ದ ನಾಯಿತಳಿಗಳ ಪುಸ್ತಕವೊಂದನ್ನು ಅಂಗಿಯೊಳಗೆ ತುರುಕಿಕೊಂಡು ಗ್ರಂಥಾಲಯದಿಂದ ಹೊರಬಿದ್ದೆ. ಗ್ರಂಥಪಾಲಕರು ನನ್ನ ಆಕಾರ ನೋಡಿ, "ಸರ್, ವಾಕಿಂಗ್ ಬಿಟ್ಟುಬಿಟ್ರಾ?" ಎಂದು ಕನಿಕರದಿಂದ ಕೇಳಿದರು. ಪುಸ್ತಕವನ್ನು ನಾನು ಹೊಟ್ಟೆಗೆ ಹಾಕಿಕೊಂಡಿದ್ದೇನೆ. ತಪ್ಪನ್ನು ನೀನು ಹೊಟ್ಟೆಗೆ ಹಾಕಿಕೋ.

ಎಲ್ಲಕ್ಕೂ ಕಾರಣ ಒಂದು ನಾಯಿ. ಹೋದ ವಾರ ಸಂಜೆ ಸುತ್ತಾಡಲು ಹೋದ ಅಪ್ಪ ವಾಪಸು ಬರುವಾಗ ಜತೆಗೆ ಅದೂ ಬಂತು. "ಇದನ್ನ ಎಲ್ಲಿಂದ ತಂದ್ರಿ?" ಎಂದು ಕೇಳಿದರೆ, "ನಾನೆಲ್ಲಿ ತಂದೆ, ಬಸ್‌ಸ್ಟಾಪಿಂದ ಅದೇ ನನ್ನನ್ನ ತಂತು" ಎಂದರು. ಈಗ ಅದರ ವಾಸ ಹಿಂಬದಿಯ ಶೆಡ್ಡಿನಲ್ಲಿ, ಅಪ್ಪನ ಗಡಿಯಾರ ರಿಪೇರಿಯ ಹಳೇ ಮೇಜಿನ ಕೆಳಗೆ. ಬಾಲ ಎಡಕ್ಕೆ ಬಲಕ್ಕೆ ಒಂದೇ ತಾಳದಲ್ಲಿ ಆಡುವುದರಿಂದ ಅಪ್ಪ ಅದಕ್ಕೆ ಲೋಲಕ ಎಂದು ಹೆಸರಿಟ್ಟಿದ್ದಾರೆ. ನಾಯಿಗೆ ಅರಮನೆ, ನನಗೆ ನಾಯಿಪಾಡು.

ನನ್ನ ವಾದ ಸರಳ. ಎಲ್ಲಿಯದೋ ಏನೋ ಗೊತ್ತಿಲ್ಲದ ನಾಯಿ, ಇಷ್ಟು ವಯಸ್ಸಾದವರ ಜತೆ ಇರುವುದು ಅಪಾಯ. ಪ್ರಾಣಿಗಳ ಆಶ್ರಯಧಾಮಕ್ಕೆ ಕಳಿಸೋಣ. ಅಪ್ಪ ಸುತರಾಂ ಒಪ್ಪರು. ಕೊನೆಗೆ ನಿನ್ನ ನಾದಿನಿ, ನನ್ನ ಶ್ರೀಮತಿ, ಬಸ್ ಡಿಪೋದ ಲೆಕ್ಕದ ಕೆಲಸ ಮುಗಿಸಿ ಬಂದು, ಸುಸ್ತಾಗಿದ್ದವಳು, ಒಂದೇ ಮಾತಿನಲ್ಲಿ ತೀರ್ಮಾನ ಮಾಡಿದಳು: "ಮನೇಲಿ ಒಬ್ಬರು ಪಶುವೈದ್ಯರಿದ್ದಾರಲ್ಲ, ಅತ್ತಿಗೆ ಏನಂತಾರೋ ಹಾಗೆ." ಆದ್ದರಿಂದ ನಾನು ತಳಿ ಗುರುತಿಸಿ ಬರೆಯುವುದು, ನೀನು ಇರಲಿ ಅಥವಾ ಹೋಗಲಿ ಎನ್ನುವುದು. ಆಶ್ರಯಧಾಮದವರು ಜುಲೈ ಕೊನೆಯವರೆಗೆ ಜಾಗ ಕಾದಿರಿಸಿದ್ದಾರೆ. ನಿನ್ನ ಆಸ್ಪತ್ರೆಯ ಗುಡ್ಡದ ಮೇಲೆ ಫೋನು ಹತ್ತುವುದಿಲ್ಲ, ಲಾರಿ ಮಾತ್ರ ಹತ್ತುತ್ತದೆ. ಹಾಗಾಗಿ ಈ ಪತ್ರವ್ಯವಹಾರ.

ಗುರುತಿಸುವುದು ನನಗೆ ಎಡಗೈ ಕೆಲಸ ಎಂಬುದು ನಿನಗೆ ತಿಳಿದದ್ದೇ. ಗಿಡ ಗುರುತಿಸಲು ನಮ್ಮಲ್ಲೊಂದು ಕೀಲಿ ಇದೆ: ಎಲೆಯ ಅಂಚು ನಯವೋ, ಹಲ್ಲುಹಲ್ಲೋ? ನಯವಾದರೆ ಈ ಕಡೆ ಹೋಗು, ಹಲ್ಲಾದರೆ ಆ ಕಡೆ. ಹೀಗೆ ಕವಲೊಡೆಯುತ್ತ ಹೋದರೆ ಕೊನೆಗೆ ಗಿಡದ ಹೆಸರಿನ ಬಾಗಿಲಲ್ಲಿ ನಿಂತಿರುತ್ತೀಯ. ನಾಯಿಗೂ ಅಂಥದೊಂದು ಕೀಲಿ ರಚಿಸಿದೆ. ಮೊದಲ ಪ್ರಶ್ನೆ: ಕಿವಿ ನಿಂತಿದೆಯೋ, ಬಿದ್ದಿದೆಯೋ?

"ಒಂದು ನಿಂತಿದೆ, ಒಂದು ಬಿದ್ದಿದೆ. ಈಗ ಯಾವ ಕಡೆ ಹೋಗ್ತೀಯಪ್ಪ?" ಎಂದರು ಅಪ್ಪ. ಪರೀಕ್ಷೆಯ ಹೊತ್ತಿಗೆ ಪಕ್ಕದಲ್ಲಿ ಕೂತು ಹೀಗೆ ಉರಿಸುವುದೇ ಅವರ ಕೆಲಸ.

ಆದರೂ ಬಿಡಲಿಲ್ಲ. ಕೂದಲು ಎರಡು ಪದರ: ಮೇಲಿನದು ಒರಟು, ಒಳಗಿನದು ಬಿಡಿಸಿದ ಹತ್ತಿ. ತಲೆಬುರುಡೆ ಹಣೆಯಿಂದ ಮೂಗಿಗೆ ಇಳಿಯುವಲ್ಲಿ ಸಣ್ಣ ಮೆಟ್ಟಿಲು. ಕಾಲ್ಬೆರಳುಗಳ ನಡುವೆ ತೆಳು ಚರ್ಮ. ಬಲಗಿವಿಯ ತುದಿಯಲ್ಲಿ ಹಳೇ ಗಾಯ ಮಾಗಿದ, ಸಾಸಿವೆಯಷ್ಟು ಗಂಟು. ಬಣ್ಣ ಬರೆದಿಲ್ಲ, ಒಣಗಿಸಿಟ್ಟ ಗಿಡದಲ್ಲಿ ಬಣ್ಣ ಉಳಿಯುವುದಿಲ್ಲವಾದ್ದರಿಂದ ನಾವು ಬಣ್ಣ ನಂಬುವ ಜನವಲ್ಲ. ತೀರ್ಮಾನ: ಲ್ಯಾಬ್ರಡಾರ್. ಎಳೆಯರಿಗೆ ಸರಿ, ಎಳೆದು ಬೀಳಿಸುವುದರಿಂದ ಹಿರಿಯರಿಗಲ್ಲ.

ನಿನ್ನ ತಮ್ಮ

ಜೂನ್ 12

ತಮ್ಮಾ,

ಕಳ್ಳಮಾಲು ನೋಡಿ ಕೊಟ್ಟ ತೀರ್ಪು ನಡೆಯುವುದಿಲ್ಲ. ಅದು ಲ್ಯಾಬ್ರಡಾರ್ ಅಲ್ಲ. ಅವುಗಳಿಗೆ ಎರಡು ಕಿವಿಯೂ ಜೋತುಬಿದ್ದಿರುತ್ತವೆ, ನಿಮ್ಮ ಪ್ರಾಂಶುಪಾಲರ ಮುಂದೆ ನಿನಗೆ ಬೀಳುವ ಹಾಗೆ.

ಆದರೆ ಸಾಸಿವೆಯಷ್ಟು ಗಂಟು ಓದಿ ಖುಷಿಯಾಯಿತು. ಇಲ್ಲಿ ನಾಯಿ ತರುವವರು "ಡಾಕ್ಟ್ರೇ, ಕರಿ ನಾಯಿ, ಹುಷಾರಿಲ್ಲ" ಎನ್ನುತ್ತಾರೆ, ಅಷ್ಟೇ. ನೀನು ಬೆರಳಿಟ್ಟು ನೋಡಿದ್ದೀಯ. ಇದು ನಿನ್ನಿಂದ ನಿರೀಕ್ಷಿಸಿರಲಿಲ್ಲ.

ಒಂದು ಮಾತು ತಿಳಿದಿರಲಿ. ಬೆರಕೆ ನಾಯಿಯ ಮುಖ ಸುಳ್ಳು ಹೇಳುತ್ತದೆ, ನಡತೆ ಸುಳ್ಳು ಹೇಳುವುದು ಕಡಿಮೆ. ಬೇಟೆಯ ವಂಶದ್ದು ಸದ್ದಿಲ್ಲದೆ ಮೂಗು ನೆಟ್ಟು ನಿಲ್ಲುತ್ತದೆ, ಕಾವಲಿನದು ಗೇಟಿನ ಕಡೆ ಮುಖ ಮಾಡಿ ಮಲಗುತ್ತದೆ. ಯಾರೂ ಏನೂ ಹೇಳದೆ ಇದ್ದಾಗ ನಿಮ್ಮದು ಏನು ಮಾಡುತ್ತದೆ? ಅದನ್ನು ಬರೆ. ಬಣ್ಣವನ್ನೂ ಬರೆ, ಅದು ಒಣಗಿದ ಗಿಡವಲ್ಲ.

ಅಪ್ಪನ ವಿಷಯ ಬರೆದಿಲ್ಲ. ಹೇಗಿದ್ದಾರೆ?

ಅಕ್ಕ

ಜೂನ್ 19

ಅಕ್ಕನಿಗೆ,

ಯಾರೂ ಏನೂ ಹೇಳದೆ ಇದ್ದಾಗ ಅದು ದಾರಿಗೆ ಅಡ್ಡ ಬೀಳುತ್ತದೆ. ಇಷ್ಟು ಹೇಳಿದರೆ ಅದರ ಚರಿತ್ರೆಯೂ ಆಯಿತು, ಚಾರಿತ್ರ್ಯವೂ ಆಯಿತು.

ಹಿತ್ತಲ ಕಡೆಯ ಮಹಡಿ ಮೆಟ್ಟಿಲಿನ ನೆತ್ತಿಯಲ್ಲಿ, ಅಪ್ಪ ಇಳಿಯಲು ಬರುವ ಹೊತ್ತಿಗೆ ಸರಿಯಾಗಿ ಉದ್ದಕ್ಕೆ ಮಲಗುತ್ತದೆ. ಅಪ್ಪ ಅದರ ಬೆನ್ನಿಗೆ ಕಾಲು ತಾಗಿಸಿ, ಕಂಬಿ ಹಿಡಿದ ಮೇಲೆಯೇ ಮಹಾರಾಜರು ಏಳುವುದು. ಬೀದಿಯಲ್ಲಿ ಅವರ ಎಡಮಗ್ಗುಲು ಬಿಟ್ಟು ಅಲ್ಲಾಡುವುದಿಲ್ಲ. ಭುಜದಿಂದ ಅವರ ಮೊಣಕಾಲನ್ನು ಒತ್ತಿ ಒತ್ತಿ ನಡೆಯುತ್ತದೆ. ರಸ್ತೆ ದಾಟುವ ಜಾಗ ಬಂದರೆ ಅವರ ಪಾದದ ಮೇಲೆಯೇ ಕುಳಿತುಬಿಡುತ್ತದೆ. ಸ್ವಾಭಿಮಾನವಿರುವ ಯಾವ ನಾಯಿಯಾದರೂ ಮನುಷ್ಯನ ಪಾದವನ್ನು ಕುರ್ಚಿ ಮಾಡಿಕೊಳ್ಳುತ್ತದೆಯೇ? ಹಠಮಾರಿ, ಸೋಮಾರಿ, ಒಟ್ಟಿನಲ್ಲಿ ದಾರಿ ತಪ್ಪಿದ 'ಮಾರಿ'.

ಬಣ್ಣ ಕಪ್ಪು, ಬಿಳಿ, ಬೂದಿ ಕಲಸಿದ ಹಾಗೆ. ಸಾಕಲ್ಲ?

ಇನ್ನು ನನ್ನ ವೀಕ್ಷಣೆಯ ಸೂಕ್ಷ್ಮತೆಗೆ ತಲೆದೂಗಲು ಸಿದ್ಧಳಾಗು. ಕತ್ತಿನ ಹಿಂದಿನ ಸುಳಿ ಬಲಕ್ಕೆ ತಿರುಗಿದೆ, ಎದೆಯದು ಎಡಕ್ಕೆ. ಹಿಂಗಾಲುಗಳ ಒಳಬದಿಯಲ್ಲಿ ನೆಲ ಮುಟ್ಟದ ಹೆಚ್ಚುವರಿ ಬೆರಳು, ಎಲುಬಿಲ್ಲದೆ ಬರೀ ಚರ್ಮದಿಂದ ತೂಗಿದೆ. ಎಡಪಕ್ಕೆಯಲ್ಲಿ ಒಂದು ಎಲುಬು ಯಾವಾಗಲೋ ಮುರಿದು ತುಸು ಏರುಪೇರಾಗಿ ಕೂಡಿಕೊಂಡಿದೆ. ಉಸಿರು ಒಳಗೆಳೆದಾಗ ಗುಂಡಿಗೆ ಬೇಗ ಹೊಡೆಯುತ್ತದೆ, ಬಿಟ್ಟಾಗ ನಿಧಾನ. ಸ್ಪ್ರಿಂಗು ಬಿಗಿ ಸಡಿಲ ಆದ ಹಾಗೆ. ಓದುವಾಗ ನೆನಪಿಡು: ಇವು ಯಾವ ಉಪಕರಣವೂ ಇಲ್ಲದೆ ಮಾಡಿದ ವೀಕ್ಷಣೆಗಳು. ಕಣ್ಣಿದ್ದರೆ ಸಾಲದು ಅಕ್ಕಾ, ನೋಡಲು ಬರಬೇಕು. ವಿದ್ಯಾರ್ಥಿಗಳಿಗೆ ಎಷ್ಟೋ ವರ್ಷದಿಂದ ಇದನ್ನೇ ಬಡಿದುಕೊಳ್ಳುತ್ತಿದ್ದೇನೆ.

ತೀರ್ಮಾನ: ಮ್ಯಾಸ್ಟಿಫ್ ಜಾತಿಯ ಕಾವಲು ನಾಯಿಯ ಬೆರಕೆ. ಅಪ್ಪ ಎಡವಿ ಬೀಳುವ ಮೊದಲು 'ಹೋಗಲಿ' ಎಂದು ಬರೆದುಬಿಡು.

ಅಪ್ಪ ಆರಾಮ. ಗಡಿಯಾರದ ಮೇಜು ಮುಚ್ಚಿದ್ದಾರೆ: "ಈಗಿನ ಗಡಿಯಾರದಲ್ಲಿ ರಿಪೇರಿ ಮಾಡೋಕೆ ಏನಿದೆ, ಸೆಲ್ ಹಾಕು, ಬಿಸಾಕು." ಪೇಪರನ್ನೂ ನನ್ನಿಂದಲೇ ಓದಿಸುತ್ತಾರೆ: "ಇಂಥ ಸುದ್ದಿಗೆಲ್ಲ ನನ್ನ ಸ್ವಂತ ಕಣ್ಣು ಖರ್ಚು ಮಾಡ್ಲಾ? ನೀನು ಓದು, ಬೈಯೋದನ್ನ ನಾನು ನೋಡ್ಕೋತೀನಿ." ನಾಲಿಗೆ ಮಾತ್ರ ಇನ್ನೂ ಸಾಣೆ ಹಿಡಿದಂತಿದೆ. ನಮ್ಮ ಮನೆತನದ ಆಸ್ತಿ ಅದೊಂದೇ ತಾನೇ.

ನಿನ್ನ ತಮ್ಮ

ಜೂನ್ 27

ತಮ್ಮಾ,

ನಿನ್ನ ಪತ್ರವನ್ನು ಎರಡು ಸಲ ಓದಿದೆ, ಆಮೇಲೆ ನನ್ನ ಬಳಿ ತರಬೇತಿಗೆ ಬಂದ ಹುಡುಗಿಯರಿಗೂ ಓದಿಸಿದೆ. ಉಸಿರಿನ ಜತೆ ಗುಂಡಿಗೆಯ ಲಯ ಬದಲಾಗುವುದು ನಾಯಿಗಳಲ್ಲಿ ಸಹಜ. ಆದರೆ ಅದನ್ನು ಸ್ಟೆತಾಸ್ಕೋಪ್ ಇಟ್ಟು ಕೇಳಿಸಿಕೊಳ್ಳಲು ಇವರು ತಿಂಗಳುಗಟ್ಟಲೆ ತಿಣುಕುತ್ತಾರೆ. ನೀನು ಬರಿಗೈಯಲ್ಲಿ ಹಿಡಿದಿದ್ದೀಯ. ಮುರಿದು ಕೂಡಿದ ಪಕ್ಕೆಲುಬನ್ನು ಎಕ್ಸ್‌ರೇ ಇಲ್ಲದೆ ನಾನೂ ಎಷ್ಟೋ ಸಲ ಗುರುತಿಸದೆ ಹೋಗಿದ್ದೇನೆ. ನನಗೆ ನಿಜವಾಗಿ ಬೆರಗಾಗಿದೆ. ನಿನ್ನನ್ನು ಇಷ್ಟು ದಿನ ಬರೀ ಬಾಯಿಬಡುಕ ಎಂದುಕೊಂಡಿದ್ದೆ, ಕ್ಷಮಿಸು.

ಮ್ಯಾಸ್ಟಿಫ್ ಮಾತ್ರ ಅಲ್ಲವೇ ಅಲ್ಲ. ಭುಜದಿಂದ ಒತ್ತಿ ದಾರಿ ತಿರುಗಿಸುವುದು ಕುರಿ ಕಾಯುವ ನಾಯಿಗಳ ಚಾಳಿ. ಇಲ್ಲಿ ನನ್ನ ಕಿಟಕಿಯ ಹೊರಗೆ ದಿನವೂ ನಡೆಯುವುದು ಅದೇ. ಆದರೆ ಅವು ಒತ್ತುವುದು ಮಂದೆಯನ್ನು, ಅದೂ ಮಂದೆ ದಾರಿ ಬಿಟ್ಟಾಗ. ನಿಮ್ಮದು ಒಬ್ಬರನ್ನೇ ಹಗಲೆಲ್ಲ ಯಾಕೆ ಒತ್ತುತ್ತದೆ ಎಂಬುದು ನನಗೆ ತಿಳಿಯುತ್ತಿಲ್ಲ. ನಿನಗೂ ಹಾಗೇ ಮಾಡುತ್ತದೆಯೇ?

ಎರಡೂ ಕಣ್ಣಿನ ಬಣ್ಣ ಹತ್ತಿರದಿಂದ ನೋಡಿ ಬರೆ. ನನ್ನ ಊಹೆಯ ತಳಿಗೆ ಅದು ಮುಖ್ಯ. ಒಂದು ಫೋಟೋ ಕಳಿಸು, ತೀರ್ಪು ಕೊಟ್ಟುಬಿಡುತ್ತೇನೆ.

ಅಕ್ಕ

ಜುಲೈ 3

ಅಕ್ಕನಿಗೆ,

'ಬಾಯಿಬಡುಕ' ಎಂದದ್ದಕ್ಕೆ ನೀನು ಕ್ಷಮೆ ಕೇಳಿದ ಸಾಲಿಗೆ ಚೌಕಟ್ಟು ಹಾಕಿಸುವ ಯೋಚನೆಯಿದೆ. ಸಂಜೆ ಅಪ್ಪನಿಗೂ ಓದಿ ಹೇಳಿದೆ. ಅವರು ಬಹಳ ಹೊತ್ತು ನಕ್ಕು, "ಪರವಾಗಿಲ್ಲ, ಇಟ್ಕೋ ಬಹುಮಾನ" ಎಂದರು. ಹೊಟ್ಟೆಕಿಚ್ಚಿರಬೇಕು.

ಕಣ್ಣು ಎರಡೂ ಕಪ್ಪು. ಅನುಮಾನವೇ ಬೇಡ.

ನನಗೆ ಹಾಗೆ ಮಾಡುವುದಿಲ್ಲ. ನನ್ನ ದಾರಿ ಬೇರೆ, ಅದರ ದಾರಿ ಬೇರೆ. ನಿನ್ನ ನಾದಿನಿಯ ದಾರಿಗೂ ಅಡ್ಡ ಬರುವುದಿಲ್ಲ. ಅಪ್ಪನೊಬ್ಬರ ಮೇಲೆಯೇ ಈ ದಬ್ಬಾಳಿಕೆ. ಅಪಾಯ ಎಂದು ನಾನು ಹೇಳುತ್ತಿರುವುದೂ ಇದನ್ನೇ.

ಫೋಟೋ ನಿನ್ನ ನಾದಿನಿ ತೆಗೆದು, ಲಕೋಟೆಗೆ ಹಾಕಿ ಅಂಟಿಸಿ ಕೊಟ್ಟಿದ್ದಾಳೆ. ನಾನು ಬಿಚ್ಚಿ ನೋಡಲಿಲ್ಲ. ವರ್ಣನೆ ಅರ್ಥವಾಗದವರಿಗೆ ತಾನೇ ಫೋಟೋ? ಜುಲೈ ಕೊನೆ ಹತ್ತಿರ ಬರುತ್ತಿದೆ. ಬೇಗ ಬರೆ.

ನಿನ್ನ ತಮ್ಮ

ಜುಲೈ 9

ತಮ್ಮಾ,

ಇದನ್ನು ಔಷಧದ ಲಾರಿಯ ಡ್ರೈವರ್ ಕೈಯಲ್ಲಿ ಕಳಿಸುತ್ತಿದ್ದೇನೆ. ಅಂಚೆಯನ್ನು ಕಾಯುವಷ್ಟು ತಾಳ್ಮೆ ಇಲ್ಲ.

ಮೊದಲು ನಾಯಿ. ಫೋಟೋ ನೋಡಿದೆ. ಮುಖ, ಮೈಕಟ್ಟು, ಒಂದು ನಿಂತು ಒಂದು ಬಿದ್ದ ಕಿವಿ, ನಡತೆ ಎಲ್ಲ ಸೇರಿಸಿದರೆ ಅರ್ಧಕ್ಕಿಂತ ಹೆಚ್ಚು ಬಾರ್ಡರ್ ಕೋಲಿ, ಕುರಿ ಕಾಯುವ ತಳಿ. ಮಿಕ್ಕದ್ದು ಏನು ಎಂದು ನಾನು ಹೇಳಲಾರೆ, ಯಾರೂ ಹೇಳಲಾರರು.

ಈಗ ನೀನು. ತಮಾಷೆ ಬದಿಗಿಟ್ಟು ಓದು. ಆ ನಾಯಿಯ ಎಡಗಣ್ಣು ನೀಲಿ. ತಿಳಿನೀಲಿ, ಗಾಜಿನ ಗೋಲಿಯ ಹಾಗೆ. ಫೋಟೋ ಕೈಗೆ ತೆಗೆದುಕೊಂಡ ಯಾರೇ ಆಗಲಿ ಮೊದಲು ಕಾಣುವುದೇ ಅದು. ತರಬೇತಿಯ ಹುಡುಗಿಯರು ಒಟ್ಟಿಗೆ "ಅಯ್ಯೋ, ಕಣ್ಣು ನೋಡಿ" ಎಂದರು. ನೀನು ಎರಡೂ ಕಪ್ಪು, ಅನುಮಾನವೇ ಬೇಡ ಎಂದು ಬರೆದಿದ್ದೀಯ.

ಹಳೆಯ ಪತ್ರಗಳನ್ನು ಮತ್ತೆ ತೆಗೆದೆ. ಬಣ್ಣದ ಬಗ್ಗೆ ಒಂದು ಸಾಲು, ಅದೂ ನಾನು ಕೇಳಿದ್ದಕ್ಕೆ. ಉಳಿದದ್ದೆಲ್ಲ ಬೆರಳಿಗೆ ಸಿಕ್ಕಿದ್ದು: ಗಂಟು, ಸುಳಿ, ಎಲುಬು, ಬಡಿತ. ನಾನು ಅದಕ್ಕೆ ಬೆರಗಾಗಿ ಕುಳಿತೆ, ಯಾಕೆ ಹೀಗೆ ಎಂದು ಕೇಳಲಿಲ್ಲ. ಒಂದು ಹಳದಿ ಹೂವಿನ ಬಗ್ಗೆ ಅರ್ಧ ಪುಟ ಬರೆಯುವವನು ನೀನು. ಕಣ್ಣಿರುವವನು ಹೀಗೆ ಬರೆಯುವುದಿಲ್ಲ ತಮ್ಮಾ.

ಅಜ್ಜನಿಗೆ ಆದದ್ದು ನಿನಗೆ ನೆನಪಿದೆ. ಅದು ಗ್ಲಾಕೋಮಾ. ಪಕ್ಕಗಳಿಂದ ಕತ್ತಲು ಕವಿಯುತ್ತ ಬರುತ್ತದೆ, ನೋವಿಲ್ಲ, ರಕ್ತದಲ್ಲಿ ಇಳಿದು ಬರುವಂಥದ್ದು. ಈಗಿಂದೀಗಲೇ ಕಣ್ಣಿನ ಡಾಕ್ಟರ ಬಳಿ ಹೋಗು. ಮುಚ್ಚಿಡಬೇಡ. ಬೈಯುವುದಿಲ್ಲ.

ಅಕ್ಕ

ಜುಲೈ 19

ತಮ್ಮಾ,

ಲಾರಿ ಹೋಗಿ ಬಂತು, ನಿನ್ನ ಪತ್ರ ಇಲ್ಲ. ಒಂದು ಸಾಲು ಬರೆ. ಬರೆಯಲು ಆಗದಿದ್ದರೆ ನಿನ್ನ ಹೆಂಡತಿಯ ಕೈಯಲ್ಲಿ ಬರೆಸು.

ಅಕ್ಕ

ಜುಲೈ 24

ಅಕ್ಕಾ,

ನಿನ್ನನ್ನು ಇಷ್ಟು ದಿನ ಹೆದರಿಸಿದ್ದಕ್ಕೆ ಕ್ಷಮೆ ಇರಲಿ. ನನ್ನ ಕಣ್ಣು ಪರೀಕ್ಷೆ ಮಾಡಿಸಿದೆ. ಎಲ್ಲೋ ಒಂದು ಬದಿಯಲ್ಲಿ ಚುಕ್ಕೆ ಬೆಳಕು ಮಿಣುಕಿದಾಗೆಲ್ಲ ಗುಂಡಿ ಒತ್ತಬೇಕು. ಒಂದನ್ನೂ ತಪ್ಪಿಸಲಿಲ್ಲ. ಡಾಕ್ಟರಮ್ಮ, "ನಿಮ್ಮ ಕಣ್ಣು ಬಹಳ ಚೆನ್ನಾಗಿದೆ, ಪಕ್ಕದಲ್ಲಿ ಏನಿದ್ರೂ ತಪ್ಪಿಸ್ಕೊಳ್ಳಲ್ಲ" ಎಂದರು. ಇಂಥ ನಾಚಿಕೆಗೇಡಿನ ಪ್ರಶಂಸಾಪತ್ರ ನನಗೆ ಬೇರೆ ಯಾರೂ ಕೊಟ್ಟಿಲ್ಲ.

ಯಾಕೆಂದರೆ ನಿನ್ನ ಪತ್ರ ಓದಿ ಮೊದಲು ನಾನು ನಕ್ಕೆ. ನನಗೆ ಕಣ್ಣಿಲ್ಲವಂತೆ ಎಂದು. ಆ ಪರೀಕ್ಷೆಯ ಕುರ್ಚಿಯಿಂದ ಏಳುವಾಗ ಸತ್ಯ ಹೊಳೆಯಿತು. ಆ ಗಂಟು, ಸುಳಿ, ಪಕ್ಕೆಲುಬು, ಗುಂಡಿಗೆ, ಯಾವುದನ್ನೂ ನೋಡಿದವನು ನಾನಲ್ಲ. ನಾನು ಮನೆಯ ಹಿಂಬದಿಯ ಜಾಲರಿ ಬಾಗಿಲಿನ ಈಚೆ ನಿಂತು ಪ್ರಶ್ನೆ ಕೂಗುತ್ತಿದ್ದೆ, ಶೆಡ್ಡಿನೊಳಗಿಂದ ಅಪ್ಪ ಉತ್ತರ ಹೇಳುತ್ತಿದ್ದರು, ನಾನು ಬರೆದುಕೊಳ್ಳುತ್ತಿದ್ದೆ. ಕೆಲಸ ಬಿಟ್ಟವರಿಗೆ ಒಂದು ಕಾಲಕ್ಷೇಪವಾಗಲಿ ಎಂದು ಹಾಗೆ ಮಾಡಿದೆ. ಹೊಗಳಿಕೆಯನ್ನು ಮಾತ್ರ ನಾನೇ ಇಟ್ಟುಕೊಂಡೆ.

ಪರೀಕ್ಷೆ ಮುಗಿಸಿ ಮನೆಗೆ ಬಂದವನೇ ಜಾಲರಿಯ ಬಳಿ ಹೋದೆ. ಶೆಡ್ಡಿನಲ್ಲಿ ಅಪ್ಪ ಕುಳಿತಿದ್ದರು, ಅವರ ಮೊಣಕಾಲ ಮೇಲೆ ಲೋಲಕನ ಗದ್ದ.

"ಅಪ್ಪಾ, ಅದರ ಎಡಗಣ್ಣು ಯಾವ ಬಣ್ಣ?"

ಅವರ ಕೈ ಹಣೆಯಿಂದ ಇಳಿದು, ಹುಬ್ಬಿನ ಎಲುಬು ಹಾದು, ರೆಪ್ಪೆಯ ಅಂಚಿಗೆ ಬಂದು ನಿಂತಿತು. ಅಲ್ಲಿಂದ ಮುಂದೆ ಹೋಗಲಿಲ್ಲ. ನಾಯಿಯೂ ಅಲ್ಲಾಡಲಿಲ್ಲ.

"ಹೋದ ಸಲ ಹೇಳಿದ್ನಲ್ಲ, ಕಪ್ಪು ಅಂತ."

"ನೀಲಿ ಅಪ್ಪ. ಎಡಗಣ್ಣು ನೀಲಿಯಂತೆ."

ಅಪ್ಪ ರೆಪ್ಪೆಯಿಂದ ಕೈ ತೆಗೆದರು. ಆಮೇಲೆ, "ಮಿಕ್ಕಿದ್ದೆಲ್ಲ ಮುಟ್ಟಿ ಹೇಳಿದೆ ಕಣೋ. ಕಣ್ಣನ್ನ ಮುಟ್ಟಿ ನೋಡೋಕಾಗುತ್ತಾ?" ಎಂದರು. ಮತ್ತೆ, "ನೀಲಿನಾ? ಎಂಥ ನೀಲಿ?" ಎಂದು ಕೇಳಿದರು.

ಆ ಕಣ್ಣನ್ನು ನಾನೂ ನೋಡಿರಲಿಲ್ಲವಲ್ಲ. ನಿನ್ನ ಪತ್ರ ತೆಗೆದು, "ತಿಳಿನೀಲಿ, ಗಾಜಿನ ಗೋಲಿಯ ಹಾಗೆ" ಎಂದು ಓದಿದೆ.

ಅಪ್ಪನ ಬಲಗಣ್ಣು ಹೋಗಿ ಒಂದು ವರ್ಷವಾಯಿತಂತೆ. ಎಡಗಣ್ಣಿನಲ್ಲಿ ನಡುವೆ ಒಂದು ಕಿಂಡಿ, ಅದರಲ್ಲೂ ಮಬ್ಬು. ಒಂದೇ ಸೂರಿನಡಿ ಇದ್ದು ನಮಗೆ ಯಾರಿಗೂ ಗೊತ್ತಾಗಲಿಲ್ಲ. ಮನೆಯ ಮೂಲೆ ಮೂಲೆ ಅವರ ಅಂಗೈಯಲ್ಲಿದೆ, ಮಿಕ್ಕಿದ್ದನ್ನು ನಾಲಿಗೆಯಿಂದ ಮುಚ್ಚಿದರು. ಪೇಪರಿನ ಜೋಕಿಗೆ ನಾನೇ ನಕ್ಕು, ನಿನಗೂ ಬರೆದು ಕಳಿಸಿದೆ.

ಯಾಕೆ ಹೇಳಲಿಲ್ಲ ಎಂದು ಕೇಳಿದೆ. "ನಿಮ್ಮಜ್ಜಂಗೆ ಕಣ್ಣು ಹೋಯ್ತು ಅಂತ ಗೊತ್ತಾದ ದಿನದಿಂದ ಮನೇಲಿ ಯಾರೂ ಅವರನ್ನ ರೇಗಿಸಲಿಲ್ಲ. ಎಲ್ಲಾರೂ ಮೆತ್ತಗೆ ಮಾತಾಡೋಕೆ ಶುರುಮಾಡಿದ್ರು, ಆಸ್ಪತ್ರೇಲಿ ಮಾತಾಡೋ ಹಾಗೆ. ಅವರು ಅದರಲ್ಲೇ ಹೋಗಿಬಿಟ್ರು. ನೀನೂ ಮೆತ್ತಗಾಗಿಬಿಡ್ತೀಯ ಅಂತ" ಎಂದರು.

ಮೆತ್ತಗಾಗದೆ ಇರಲು ನಾನು ಪಟ್ಟ ಪಾಡು ನನಗೇ ಗೊತ್ತು. "ಒಬ್ಬ ಕುರುಡನ ಮಾತು ಕೇಳಿ ಮ್ಯಾಸ್ಟಿಫ್ ಅಂತ ಬರೆದು ಮಾನ ಕಳ್ಕೊಂಡೆ" ಎಂದೆ. "ಮ್ಯಾಸ್ಟಿಫ್ ಅಂದವನು ನೀನು, ನಾನು ಬರೀ ಎಲುಬು ಹೇಳಿದೆ" ಎಂದರು. ಆ ನಗುವನ್ನು ನೀನು ಕೇಳಬೇಕಿತ್ತು.

ಮಾರನೆಯ ದಿನ ಕಣ್ಣಾಸ್ಪತ್ರೆಗೆ ನಡೆದೇ ಹೋದೆವು. ಮುಂದೆ ಅಪ್ಪ ಮತ್ತು ಲೋಲಕ, ಒಂದಷ್ಟು ಹಿಂದೆ ನಾನು. ಫುಟ್‌ಪಾತಿನ ಮೇಲೆ ಯಾರೋ ಸೈಕಲ್ ಅಡ್ಡ ನಿಲ್ಲಿಸಿದ್ದರು. ಅದು ಇನ್ನೂ ದೂರವಿರುವಾಗಲೇ ನಾಯಿಯ ಭುಜ ಅಪ್ಪನ ಮೊಣಕಾಲಿಗೆ ಒರಗಿತು. ಅಪ್ಪ ನನ್ನೊಡನೆ ಏನೋ ಹೇಳುತ್ತಿದ್ದವರು, ಮಾತು ನಿಲ್ಲಿಸದೆ, ಹೆಜ್ಜೆ ತಡೆಯದೆ, ನೀರು ಕಲ್ಲನ್ನು ಬಳಸಿಕೊಂಡು ಹೋಗುವ ಹಾಗೆ ಬಲಕ್ಕೆ ಸರಿದು ಸೈಕಲ್ ದಾಟಿದರು. ಅಲ್ಲೊಂದು ಸೈಕಲ್ ಇತ್ತೆಂದು ಅವರಿಗೆ ಇಂದಿಗೂ ಗೊತ್ತಿಲ್ಲ. ರಸ್ತೆಯ ಅಂಚಿನಲ್ಲಿ ನಾಯಿ ಅವರ ಪಾದದ ಮೇಲೆ ಕುಳಿತಿತು. ಬಸ್ಸೊಂದು ಹಾದುಹೋಯಿತು. ಅದು ಎದ್ದಿತು, ಇವರು ನಡೆದರು.

ನಾನು ಬೀದಿಯಲ್ಲಿ ನಿಂತುಬಿಟ್ಟೆ ಅಕ್ಕಾ. ಇದನ್ನು ಅದಕ್ಕೆ ಯಾರು ಕಲಿಸಿದರು? ಇಂಥವರನ್ನು ಕಾಯಬೇಕು ಎಂದು ಯಾರು ಹೇಳಿದರು? ಮಗನಿಗೆ, ಸೊಸೆಗೆ, ದೂರದ ಮಗಳಿಗೆ ಗೊತ್ತಾಗದ್ದು, ಬಸ್‌ಸ್ಟಾಪಿನ ಬಳಿ ಸುಮ್ಮನೆ ಮಲಗಿದ್ದ ಒಂದು ನಾಯಿಗೆ ಅವರ ನಾಲ್ಕು ಹೆಜ್ಜೆ ನೋಡುವಷ್ಟರಲ್ಲಿ ಹೇಗೆ ಗೊತ್ತಾಯಿತು? ಇದಕ್ಕೆಲ್ಲ ನಾನು ಹಠಮಾರಿತನ, ಸೋಮಾರಿತನ ಎಂದು ಚೀಟಿ ಅಂಟಿಸಿದ್ದೆ. ಬಾರ್ಡರ್ ಕೋಲಿ ಎಂದು ನೀನು ಬರೆದದ್ದು ಸರಿ ಇರಬಹುದು. ಆದರೆ ಅಲ್ಲಿ ನಿಂತು ನೋಡುವಾಗ ಆ ಹೆಸರು ತೀರಾ ಗಿಡ್ಡವೆನಿಸಿತು.

ಹೋದದ್ದು ಮರಳಿ ಬರುವುದಿಲ್ಲ ಎಂದರು ಡಾಕ್ಟರಮ್ಮ. ಆದರೆ ದಿನಾ ಹನಿ ಹಾಕಿದರೆ ಎಡಗಣ್ಣಿನ ಕಿಂಡಿ ಉಳಿಯಬಹುದು. ಇನ್ನು ಸ್ವಲ್ಪ ತಡವಾಗಿದ್ದರೆ ಅದೂ ಇರುತ್ತಿರಲಿಲ್ಲವಂತೆ. ನಿನ್ನ ತಪ್ಪು ಊಹೆ ಸರಿಯಾದ ಬಾಗಿಲನ್ನೇ ತಟ್ಟಿತು. ಹನಿ ಹಾಕುವ ಕೆಲಸ ನಿನ್ನ ನಾದಿನಿಯದು. ಆಶ್ರಯಧಾಮಕ್ಕೆ ನಾಯಿ ಬರುವುದಿಲ್ಲ ಎಂದು ಹೇಳಿಯಾಗಿದೆ. ನಿನ್ನ ತೀರ್ಪಿಗೆ ಕಾಯಲಿಲ್ಲ, ಕೋಪಿಸಿಕೊಳ್ಳಬೇಡ. ಅದಿನ್ನು ಶೆಡ್ಡಿನಲ್ಲೂ ಇರುವುದಿಲ್ಲ. ಇವತ್ತಿನಿಂದ ಜಾಲರಿ ಬಾಗಿಲು ತೆರೆದಿಟ್ಟಿದ್ದೇವೆ.

ಕೊನೆಯದಾಗಿ, ಮೇಲೆ ಬರೆದದ್ದರಲ್ಲಿ ಒಂದು ಸುಳ್ಳಿದೆ. ಅಪ್ಪನಿಗೆ ಕಾಲಕ್ಷೇಪವಾಗಲಿ ಎಂದು ಪರೀಕ್ಷೆಯ ಕೆಲಸ ಕೊಟ್ಟದ್ದಲ್ಲ. ಅಪಾಯ ಅಪಾಯ ಎಂದು ನಾನು ಬಡಿದುಕೊಂಡದ್ದು ಅಪ್ಪನ ಸಲುವಾಗಿಯೂ ಅಲ್ಲ. ನನಗೆ ನಾಯಿ ಎಂದರೆ ಭಯ. ಸಾಧಾರಣ ಭಯವಲ್ಲ, ದೂರದಲ್ಲಿ ಕಂಡರೂ ಬೀದಿ ಬದಲಿಸುವ ಭಯ. ನಿನ್ನ ಆಸ್ಪತ್ರೆಗೆ ನಾನು ಇದುವರೆಗೆ ಒಮ್ಮೆಯೂ ಬರದೆ ಇದ್ದದ್ದಕ್ಕೆ ಕಾರಣ ಕಾಲೇಜಿನ ಪರೀಕ್ಷೆಗಳಲ್ಲ. ನಾಯಿಯ ತಳಿ ಎಡಗೈಯಲ್ಲಿ ಗುರುತಿಸುವ ನಾನು ಎರಡೂ ಕೈಯಲ್ಲಿ ಒಂದೇ ಒಂದು ನಾಯಿಯನ್ನೂ ಈವರೆಗೆ ಮುಟ್ಟಿಲ್ಲ. ಈ ಪತ್ರವನ್ನು ಊಟದ ಮೇಜಿನ ಮೇಲೆ ಬರೆಯುತ್ತಿದ್ದೇನೆ. ಮೇಜಿನ ಮೇಲೆ ಎಂದರೆ, ಕಾಗದ ಮಾತ್ರವಲ್ಲ, ನಾನೂ ಮೇಜಿನ ಮೇಲೆಯೇ ಇದ್ದೇನೆ, ಕಾಲು ಮಡಚಿಕೊಂಡು. ಕೆಳಗೆ ಲೋಲಕ ಕುಳಿತು ಕತ್ತೆತ್ತಿ ನನ್ನನ್ನೇ ನೋಡುತ್ತಿದೆ. ಅಪ್ಪ ಕುರ್ಚಿಯಲ್ಲಿ ಕುಳಿತು, "ಧೈರ್ಯವಾಗಿ ನೋಡೋ, ಎಂಥ ನೀಲಿ ಅಂತ ನನಗೂ ಹೇಳು" ಎನ್ನುತ್ತಿದ್ದಾರೆ.

ನಿನ್ನ ತಮ್ಮ